ಇಲ್ಲ ಎನ್ನದ ಪತ್ರಿಕೆ

ನಮ್ಮ ಪತ್ರಿಕೆ ವರ್ಷಕ್ಕೆ ಎರಡು ಸಲ ಹೊರಬರುತ್ತಿತ್ತು. ಬರಬೇಕಿತ್ತು ಅನ್ನುವುದು ಹೆಚ್ಚು ಸರಿ. ಯುಗಾದಿ ಸಂಚಿಕೆ ಗಣಪತಿ ಹಬ್ಬಕ್ಕೆ ಬಂದದ್ದೂ ಉಂಟು. ಈ ಭಾಗದ ಇತಿಹಾಸ, ಆಡುಮಾತು, ಹಳೆಯ ಬಾವಿಗಳು, ಸಂತೆಗಳು ಹೀಗೆ ಯಾವುದರ ಮೇಲೆ ಯಾರು ಶ್ರದ್ಧೆಯಿಂದ ಬರೆದರೂ ಅದಕ್ಕೆ ಅಲ್ಲಿ ಜಾಗ. ಸಂಪಾದಕರು ನನ್ನ ಅಪ್ಪನ ಗೆಳೆಯರು. ಸರಕಾರಿ ದಫ್ತರದಲ್ಲಿ ಹಳೆಯ ಕಡತ ಕಾಯುತ್ತಾ ಮೂವತ್ತು ವರ್ಷ ಕಳೆದು ನಿವೃತ್ತರಾದವರು. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಅವರ ಹಿರಿಯರು ಕಲಬುರಗಿ ಕಡೆಯಿಂದ ನಿಜಾಮನ ನೌಕರಿಗೆ ಬಂದು ಇಲ್ಲೇ ಉಳಿದವರು. ಚಿಕ್ಕಂದಿನಿಂದ ನಾನು ಅವರನ್ನು ಕಾಕಾ ಅನ್ನುತ್ತೇನೆ, ಅವರ ಹೆಂಡತಿಯನ್ನು ಕಾಕು.

ನಾನು ಉಪ್ಪಲ್ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿ. ಕಂಪ್ಯೂಟರ್ ಬರುತ್ತದೆ ಎಂಬ ಒಂದೇ ಯೋಗ್ಯತೆಯ ಮೇಲೆ ಕಾಕಾ ನನ್ನನ್ನು ಸಹಾಯಕ ಸಂಪಾದಕಿ ಮಾಡಿದ್ದರು. ಕೆಲಸ ದೊಡ್ಡದೇನಲ್ಲ. ಲೇಖನಗಳನ್ನು ವೆಬ್‌ಸೈಟಿಗೆ ಏರಿಸುವುದು ಮತ್ತು ಕಾಕಾ ಪ್ರತಿ ತಿಂಗಳೂ ಮರೆಯುವ ಪಾಸ್‌ವರ್ಡನ್ನು ಪ್ರತಿ ತಿಂಗಳೂ ಬದಲಿಸಿಕೊಡುವುದು. ಭಾನುವಾರ ಬೆಳಿಗ್ಗೆ ಮೆಟ್ರೊ ಹತ್ತಿ ಹೋದರೆ ಕಾಕುವಿನ ಕೈಯ ಉಪ್ಪಿಟ್ಟು, ಆಮೇಲೆ ಎರಡು ಸುತ್ತು ಚಹಾ. ಸಂಬಳ ಅಂದರೆ ಅದೇ.

ಈ ಸೇವೆಯ ಹಿಂದೆ ನನ್ನದೊಂದು ಸ್ವಾರ್ಥವಿತ್ತು, ಮೊದಲೇ ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದೆ ನಾನೂ ಒಂದು ಲೇಖನ ಬರೆದು ಕಾಕಾಗೆ ಕೊಟ್ಟಿದ್ದೆ. ಮಾದಾಪುರದಲ್ಲಿ ಆಗ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಕೂಲಿಗೆ ಬಂದಿದ್ದ ಯಾದಗಿರಿ, ರಾಯಚೂರು ಕಡೆಯವರ ಕನ್ನಡದ ಬಗ್ಗೆ. ತೆಲುಗು, ಹಿಂದಿ ಅದರೊಳಗೆ ಹೇಗೆ ಹೊಕ್ಕು ಬಳಕೆಯಾಗಿವೆ ಅಂತ ನಾಲ್ಕು ತಿಂಗಳು ಸ್ಕೂಟರಿನಲ್ಲಿ ಓಡಾಡಿ ಬರೆದದ್ದು. ನಾನು ಕೇಳಿದಾಗಲೆಲ್ಲ ಕಾಕಾ, "ಮುಂದಿನ ಸಂಚಿಕೆಗೆ ನೋಡೋಣವಾ" ಅನ್ನುತ್ತಿದ್ದರು. ಇತ್ತ ನಮ್ಮ ಕಾಲೇಜಿನಲ್ಲಿ ಒಂದು ಹೊಸ ನಿಯಮ ಬಂತು. ಸಹಾಯಕಿ ಹೋಗಿ ಲೈಬ್ರರಿಯನ್ ಆಗಬೇಕೆಂದರೆ ಇಂಡೆಕ್ಸ್ ಆದ ಪತ್ರಿಕೆಯಲ್ಲಿ ಒಂದಾದರೂ ಲೇಖನ ಬಂದಿರಬೇಕು. ನನ್ನ ಲೆಕ್ಕ ಸರಳವಾಗಿತ್ತು. ಪತ್ರಿಕೆಯನ್ನು ಇಂಡೆಕ್ಸಿಗೆ ಸೇರಿಸುವುದು, ಅದರ ಮೊದಲ ಸಂಚಿಕೆಯಲ್ಲೇ ನನ್ನ ಲೇಖನ ಹಾಕಿಸುವುದು.

ಓದಲು ಯಾರ ಹತ್ತಿರವೂ ಹಣ ಕೇಳದ ವಿದ್ವತ್ ಪತ್ರಿಕೆಗಳಿಗೆ ಓಪನ್ ಆಕ್ಸೆಸ್ ಅನ್ನುತ್ತಾರೆ. ಅವುಗಳಲ್ಲಿ ಕಾಳೂ ಇವೆ, ಜೊಳ್ಳೂ ಇವೆ. ಲೇಖಕರಿಂದ ಹಣ ಕಿತ್ತು ಬಂದದ್ದನ್ನೆಲ್ಲ ಓದದೇ ಹಾಕುವವರು ಬೇಕಾದಷ್ಟು ಜನ. ಕಾಳನ್ನು ಆರಿಸಿ ಪಟ್ಟಿ ಮಾಡಿ ಜಗತ್ತಿಗೆ ತೋರಿಸುವವರೇ ಇಂಡೆಕ್ಸಿನವರು. ಪಟ್ಟಿಗೆ ಸೇರಲು ಒಂದು ಉದ್ದದ ಅರ್ಜಿ ತುಂಬಬೇಕು.

"ಓಪನ್ ಆಕ್ಸೆಸ್ ಅಂತ ಹೊಸದಾಗಿ ಏನು ಹೇಳ್ತಾರವಾ ಇವರು? ನಮ್ಮ ಮನಿ ಬಾಗಿಲಾ ಯಾವತ್ತರ ಹಾಕೇತೇನು?" ಅಂದರು ಕಾಕಾ. ಆದರೂ ಇಂಡೆಕ್ಸ್ ಅನ್ನುವ ಮಾತು ಕೇಳಿ ಅವರ ಕಣ್ಣು ಹೊಳೆದದ್ದನ್ನು ನಾನು ಕಂಡೆ. ಅದೇ ದಿನ ಕನ್ನಡಕ ಒರೆಸಿಕೊಂಡು ಅರ್ಜಿಯ ಮುಂದೆ ಕೂತರು.

ಅರ್ಜಿಯ ಮೊದಲ ಜಗಳ ಶುಲ್ಕದ್ದು. ಲೇಖಕರಿಂದ ಶುಲ್ಕ ತಗೊಳ್ಳುತ್ತೀರೋ ಇಲ್ಲವೋ ಎಂಬುದನ್ನು ವೆಬ್‌ಸೈಟಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ತಗೊಳ್ಳದಿದ್ದರೆ ತಗೊಳ್ಳುವುದಿಲ್ಲ ಅಂತಲಾದರೂ ಬರೆಯಬೇಕು. ಕಾಕಾಗೆ ಇದು ಅವಮಾನ.

"ಮನಿಗೆ ಊಟಕ್ಕ ಬಂದವರಿಗೆ, ನಿಮ್ಮ ಕಡಿಂದ ರೊಕ್ಕಾ ತಗೊಳ್ಳೂದಿಲ್ರಿ ಅಂತ ಬಾಗಿಲಿಗೆ ಬೋರ್ಡ್ ಬರೆದು ಹಾಕ್ತಾರೇನು?"

"ಕಾಕಾ, ಹಾಕದಿದ್ರ ಅವರಿಗೆ ಹೆಂಗ್ ಗೊತ್ತಾಗಬೇಕ್ರಿ?"

"ಉಂಡು ಹೋದವರನ್ನ ಕೇಳಬೇಕು."

ಒಳಗಿನಿಂದ ಕಾಕು, "ಹಾಕವಾ ಬೋರ್ಡು. ಬಂದವರಿಗೆ ಬಡಿಸಿ ಬಡಿಸಿ ನನಗ ಸಾಕಾಗೇತಿ" ಅಂದರು. ಹಾಕಿದೆ.

ಎರಡನೆಯದು ಸಂಪಾದಕ ಮಂಡಳಿ. ಒಬ್ಬೊಬ್ಬರ ಪೂರ್ತಿ ಹೆಸರು, ಅವರಿರುವ ಸಂಸ್ಥೆ, ಎರಡೂ ಬೇಕು. ನಮ್ಮ ಮಂಡಳಿಯಲ್ಲಿ ಐವರಿದ್ದರು, ಐವರೂ ನಿವೃತ್ತರು. ಸಂಸ್ಥೆ ಎಂಬ ಜಾಗದಲ್ಲಿ ಒಬ್ಬರು 'ಸ್ವಂತ ಮನೆ' ಎಂದು ಬರೆಸಿದರು. ಇನ್ನೊಬ್ಬರು ಸೊಸೆಯ ಹತ್ತಿರ ಒಮ್ಮೆ ಕೇಳಿ ಹೇಳುತ್ತೇನೆ ಅಂದರು. ಅದೂ ಹೇಗೋ ಆಯಿತು. ಲೇಖನದ ಹಕ್ಕು ಲೇಖಕರದ್ದೇ ಎಂದು ಬರೆಯುವುದು, ಅದನ್ನು ಇತರರು ಹೇಗೆ ಬಳಸಬಹುದೆಂಬ ಲೈಸೆನ್ಸನ್ನು ಪ್ರತಿ ಲೇಖನದಲ್ಲೂ ತೋರಿಸುವುದು, ಇಡೀ ಸಂಚಿಕೆಯನ್ನು ಒಂದೇ ಮೂಟೆ ಮಾಡಿ ಇಡದೆ ಒಂದೊಂದು ಲೇಖನಕ್ಕೂ ಬೇರೆ ಪುಟ ಮಾಡುವುದು, ಇವೆಲ್ಲ ನನ್ನ ಕೈಗೆ ಬಿದ್ದವು. ದೀಪಾವಳಿ ರಜೆ ಪೂರಾ ಅದರಲ್ಲೇ ಮುಗಿಯಿತು. ಲೈಬ್ರರಿಯನ್ ಆಗುವವಳಲ್ಲವೇ ಎಂದು ಸುಮ್ಮನೆ ದುಡಿದೆ.

ಕೊನೆಯ ಪುಟದಲ್ಲಿ ಒಂದು ಪ್ರಶ್ನೆಯಿತ್ತು. ಲೇಖನ ಕೈಸೇರಿದ ದಿನದಿಂದ ಪ್ರಕಟವಾಗುವವರೆಗೆ ಸರಾಸರಿ ಎಷ್ಟು ವಾರ?

"ವಾರಾ?" ಅಂದರು ಕಾಕಾ. ಇಬ್ಬರೂ ನಕ್ಕೆವು. ನನ್ನ ಲೇಖನವನ್ನು ವಾರಗಳಲ್ಲಿ ಎಣಿಸಿದರೆ ಎಷ್ಟಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಗುಣಿಸಿ ಅರ್ಧಕ್ಕೆ ಬಿಟ್ಟೆ. ಪ್ರಕಟವಾದ ಲೇಖನಗಳನ್ನಷ್ಟೇ ಹಿಡಿದು ಒಂದು ಉತ್ತರ ಬರೆದು ಅರ್ಜಿ ಕಳಿಸಿದೆವು.

ಸಂಕ್ರಾಂತಿ ಮುಗಿದ ಮೇಲೆ ಉತ್ತರ ಬಂತು. ಅರ್ಜಿ ಪರಿಶೀಲಿಸುವವರು ಯಾವ ದೇಶದವರೋ ಗೊತ್ತಿಲ್ಲ, ಬಹಳ ವಿನಯದಿಂದ ಬರೆದಿದ್ದರು. ಉಳಿದದ್ದೆಲ್ಲ ಚೆನ್ನಾಗಿದೆ, ಒಂದೇ ಸಂಶಯ. ನಿಮ್ಮಲ್ಲಿಗೆ ಬಂದ ಲೇಖನಗಳನ್ನು ಪರಿಶೀಲಿಸುವವರು ಯಾರು, ಹೇಗೆ? ಇಲ್ಲಿಯವರೆಗೆ ಎಷ್ಟನ್ನು ತಿರಸ್ಕರಿಸಿದ್ದೀರಿ, ಅದನ್ನು ಲೇಖಕರಿಗೆ ಹೇಗೆ ತಿಳಿಸುತ್ತೀರಿ? ಒಂದೆರಡು ಉದಾಹರಣೆ ಕಳಿಸಿದರೆ ಉಪಕಾರವಾಗುತ್ತದೆ.

ಆ ಭಾನುವಾರ ಗಲ್ಲಿಗೆ ಕಾಲಿಡಲು ಜಾಗವಿರಲಿಲ್ಲ. ವರ್ಷಕ್ಕೊಮ್ಮೆ ಹತ್ತಿರದ ಮೈದಾನದಲ್ಲಿ ನಡೆಯುವ ದೊಡ್ಡ ವಸ್ತುಪ್ರದರ್ಶನ, ನುಮಾಯಿಷ್, ನೋಡಲು ಬಂದವರು ಕಾಕಾನ ಗೇಟಿಗೇ ಬೈಕು ಆನಿಸಿ ಹೋಗಿದ್ದರು. ಬೈಕುಗಳ ನಡುವೆ ತೂರಿ ಒಳಗೆ ಹೋಗಿ ಪತ್ರ ಓದಿ ಹೇಳಿದೆ. ಕಾಕಾ ಎದೆ ಉಬ್ಬಿಸಿ ಕೂತರು.

"ಬರಿಯವಾ. ಇಪ್ಪತ್ತೆರಡು ವರ್ಷ ಆತು, ನಾವು ಯಾರಿಗೂ ಇಲ್ಲ ಅಂದಿಲ್ಲ."

"ಕಾಕಾ, ಹಂಗ್ ಬರದ್ರ ಮುಗೀತ್ರಿ ನಮ್ಮ ಕಥಿ. ಬಂದದ್ದೆಲ್ಲಾ ಹಾಕ್ತಾರ ಅಂತ ತಿಳ್ಕೋತಾರ."

"ಬಂದದ್ದೆಲ್ಲಾ ಎಲ್ಲಿ ಹಾಕೇವಿ? ಭಾಳ ಆರಿಸಿ ಹಾಕೇವಿ."

"ಹಂಗಾರ ಹಾಕದೇ ಇದ್ದಾವು ಎಲ್ಲಿ ಅದಾವ್ರಿ?"

ಚಹಾ ತಂದ ಕಾಕು ಟ್ರೇ ಇಟ್ಟು, ಗೋಡೆಗಂಟಿಕೊಂಡಿದ್ದ ಉಕ್ಕಿನ ಕಪಾಟಿನ ಕಡೆ ಕೈ ತೋರಿಸಿದರು. "ಕೆಳಗಿನ ಖಾನೆ ತಗಿ. ನಿಮ್ಮ ಕಾಕಾ ಇಲ್ಲ ಅನ್ನಬೇಕಾದ್ದೆಲ್ಲಾ ಅದರಾಗ ಐತಿ. ನನ್ನ ರೇಷ್ಮಿ ಸೀರಿ ಇಡಾಕ ಜಾಗಾ ಇಲ್ಲ."

ತೆಗೆದೆ. ದಾರದಿಂದ ಕಟ್ಟಿದ ಮೂರು ಕಟ್ಟುಗಳು. ಮೇಲಿನ ಕಟ್ಟು ಬಿಚ್ಚಿ ನೋಡಿದರೆ ಎಲ್ಲ ಲೇಖನದ ಮೊದಲ ಪುಟದ ತಲೆಯಲ್ಲೂ ಒಂದೊಂದು ಕಿಟಕಿ. ಲೇಖಕರ ಹೆಸರಿದ್ದ ಜಾಗವನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆಯಲಾಗಿತ್ತು. ಅದರ ಹಿಂದೆ ಎರಡು ಟಿಪ್ಪಣಿ. ಒಂದು ಕಾಕಾನ ಪೆನ್ಸಿಲ್ಲಿನದು, ಇನ್ನೊಂದು ಮಂಡಳಿಯ ಒಬ್ಬ ಹಳೆಯ ಪ್ರೊಫೆಸರರ ನೀಲಿ ಶಾಯಿಯದು. ಎರಡರ ಮೇಲೂ ತಾರೀಕು, ಲೇಖನ ಬಂದ ಎರಡು ಮೂರು ವಾರದೊಳಗಿನದು.

"ಹೆಸರು ಯಾಕ್ರಿ ಕತ್ತರಿಸೀರಿ?"

"ಪ್ರೊಫೆಸರರಿಗೆ ಯಾರದಂತ ಗೊತ್ತಾದ್ರ ಮುಲಾಜು ಬರತೈತಲ್ಲ. ಅದಕ ಕತ್ತರಿಸಿ ಕೊಡ್ತಿದ್ದೆ. ಅವರ ಟಿಪ್ಪಣಿ ಬಂದ ಮ್ಯಾಲ ನಂದು ಬರೀತಿದ್ದೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ಇದಕ್ಕೇ. ಜಗತ್ತಿನ ಪತ್ರಿಕೆಗಳೆಲ್ಲ ಯಾವುದನ್ನು ಬ್ಲೈಂಡ್ ಪಿಯರ್ ರಿವ್ಯೂ ಎಂದು ದೊಡ್ಡ ಹೆಸರಿಟ್ಟು ಕರೆಯುತ್ತವೋ ಅದನ್ನು ಈ ಮನುಷ್ಯ ಕಾಕುವಿನ ಹೊಲಿಗೆ ಕತ್ತರಿಯಿಂದ ಇಪ್ಪತ್ತೆರಡು ವರ್ಷ ಮಾಡಿಕೊಂಡು ಬಂದಿದ್ದರು. ಟಿಪ್ಪಣಿಗಳೋ, ಒಂದಕ್ಕಿಂತ ಒಂದು ಚೆಂದ. ಈ ಶಾಸನದ ಓದು ತಪ್ಪು, ಮೂಲ ನೋಡಬೇಕು. ಮೂರನೇ ಭಾಗ ಒಳ್ಳೆಯದಿದೆ, ಉಳಿದದ್ದು ಬಿಟ್ಟು ಅದನ್ನೇ ಬೆಳೆಸಬೇಕು. ಎಲ್ಲವನ್ನೂ ಮಾಡಿ ಒಂದನ್ನು ಮಾತ್ರ ಬಿಟ್ಟಿದ್ದರು. ಲೇಖಕರಿಗೆ ಹೇಳಿರಲಿಲ್ಲ.

"ಯಾಕ್ರಿ ಕಾಕಾ?"

"ಕಂಡಿದ್ದು ಕಂಡಂಗ ಹೇಳಿದ್ರ ಕೆಂಡದಂಥ ಸಿಟ್ಟು ಅಂತಾರ. ಬೀದರದಿಂದ ಬಸ್ಸಿನಾಗ ಬಂದು ಕೈಯಾಗ ಕೊಟ್ಟು ಹೋಗ್ಯಾರ ಪಾಪ. ಊಟಾ ಮಾಡಿ ಹೋಗ್ಯಾರ. ಅಂಥವರಿಗೆ ಇಲ್ಲ ಅನ್ನಾಕ ಹೆಂಗ್ ಬಾಯಿ ಬರಬೇಕು? ಮುಂದಿನ ಸಂಚಿಕೆಗೆ ನೋಡೋಣ್ರಿ ಅಂತಿದ್ದೆ. ತಿಳಿದವರು ತಿಳ್ಕೋತಿದ್ರು."

ನನಗೆ ನಗು ತಡೆಯಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎಷ್ಟು ಜನರ ಮೂಗಿಗೆ ತುಪ್ಪ ಸವರಿದ್ದರಪ್ಪಾ ಎನ್ನುತ್ತಾ ಪಟ್ಟಿ ಮಾಡತೊಡಗಿದೆ. ಹೆಸರಿಲ್ಲದ್ದರಿಂದ ಲೇಖನದ ಶೀರ್ಷಿಕೆ, ತಾರೀಕು ಬರೆದುಕೊಳ್ಳುತ್ತಾ ಹೋದೆ. ಎರಡು ಕಟ್ಟು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದಾಗ ಕಾಕಾ ಎದ್ದು ಬಂದರು.

"ಅದು ಇರಲಿ ಬಿಡವಾ. ಅದನ್ನ ನಾ ನೋಡ್ತೀನಿ. ನೀ ಚಾ ಕುಡಿ, ಆರತೈತಿ."

ನಾನು ದಡ್ಡಿ, ಆಗಲೂ ತಿಳಿಯಲಿಲ್ಲ. "ಮುಗದಾ ಹೋತು ಕಾಕಾ" ಎಂದು ದಾರ ಬಿಚ್ಚಿದೆ. ಮೇಲಿನಿಂದ ನಾಲ್ಕನೆಯದು. ತಲೆಯಲ್ಲಿ ಕಿಟಕಿ, ಕಿಟಕಿಯ ಕೆಳಗೆ ಮಾದಾಪುರ.

ಮುಂದೇನಾಯಿತೆಂಬುದನ್ನು ಚೆಂದ ಮಾಡಿ ಹೇಳಲಾರೆ. ನನಗೆ ಬಂದದ್ದು ಅಳುವಲ್ಲ, ಸಿಟ್ಟು, ಕಿವಿ ಬಿಸಿಯಾಗುವಂಥ ಸಿಟ್ಟು. ಏಳು ವರ್ಷ ಈ ಮನೆಯಲ್ಲಿ ಉಪ್ಪಿಟ್ಟು ತಿಂದಿದ್ದೆ, ಪಾಸ್‌ವರ್ಡ್ ಬದಲಿಸಿದ್ದೆ, ಕಾಲೇಜಿನಲ್ಲಿ ಕೇಳಿದವರಿಗೆಲ್ಲ ನನ್ನದೊಂದು ಲೇಖನ ಬರುವುದರಲ್ಲಿದೆ ಎಂದಿದ್ದೆ. ಬೀದರಿನವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ ಸರಿ, ವಾರ ವಾರ ಎದುರಿಗೆ ಕೂರುವ ನನಗೆ?

"ನಾ ಏನು ಊಟಕ್ಕ ಬಂದ ಅತಿಥಿ ಏನ್ರಿ ಕಾಕಾ?" ಅಂದೆ. ದನಿ ಎತ್ತರವಾಯಿತು ಅಂತ ಕಾಣುತ್ತದೆ, ಹೊರಗೆ ಬೈಕಿನ ಹತ್ತಿರ ನಿಂತಿದ್ದ ಯಾರೋ ಒಳಗೆ ಇಣುಕಿದರು.

ಕಾಕಾ ನೆಲ ನೋಡುತ್ತಾ ಕೂತರು. "ನಿಮ್ಮಪ್ಪ ತೀರಿಕೊಂಡ ವರ್ಷ ಅದು. ನೀ ಅಷ್ಟ್ ಖುಷಿಲೆ ತಂದುಕೊಟ್ಟಿದ್ದಿ. ನಿನಗ ಇಲ್ಲ ಅನ್ನಾಕ ಧೈರ್ಯ ಆಗಲಿಲ್ಲವಾ."

"ಈಗರ ಹೇಳ್ರಿ ಆಕಿಗೆ, ಏನ್ ತಪ್ಪೈತಿ ಅಂತ" ಅಂದರು ಕಾಕು. ಅವರ ದನಿಯೂ ಸಿಟ್ಟಿನದೇ, ಆದರೆ ಅದು ನನ್ನ ಪರವಾಗಿತ್ತು.

ಕಾಕಾ ಪೆನ್ಸಿಲ್ಲಿನ ಪುಟಗಳನ್ನು ಕೈಗೆತ್ತಿಕೊಂಡರು. ನಾಲ್ಕು ಪುಟ. ಮೊದಲು ತಡವರಿಸಿ ಓದಿದರು, ಆಮೇಲೆ ದಫ್ತರದ ದನಿ ಬಂತು. ನನ್ನ ಲೇಖನದ ಇಷ್ಟೂ ಮಾತು ಒಬ್ಬನೇ ಮೇಸ್ತ್ರಿಯದು. ಅವನೂ ಓದಿದ ಹೆಣ್ಣುಮಗಳು ಬಂದಿದ್ದಾಳೆಂದು ನಾಲಿಗೆ ತೊಳೆದುಕೊಂಡು ಮಾತಾಡಿದ್ದಾನೆ. ಕಟ್ಟಡದಲ್ಲಿ ಕಲ್ಲು, ಮರಳು ಹೊರುವವರು ಹೆಂಗಸರು. ಅವರು ಇಡೀ ಲೇಖನದಲ್ಲಿ ಒಂದು ಸಲವೂ ಬಾಯಿ ಬಿಡುವುದಿಲ್ಲ. ಮೇಸ್ತ್ರಿಯ ಮಾತಿನ ಪಟ್ಟಿಯನ್ನು ಕೂಲಿಗಳ ಕನ್ನಡ ಎಂದು ಕರೆಯಲಾಗದು. ಆದರೆ ಲೇಖಕಿಗೆ ಕಿವಿ ಇದೆ. ಹೆಂಗಸರ ಜೊತೆ ಒಂದು ತಿಂಗಳು ಕೂತರೆ ಈ ಪತ್ರಿಕೆಯಲ್ಲಿ ಇದುವರೆಗೆ ಬಾರದಂಥ ಲೇಖನವಾಗುತ್ತದೆ.

ಒಂದೊಂದು ಮಾತೂ ಖರೆ. ನನ್ನ ಬರವಣಿಗೆಯನ್ನು ಅಷ್ಟು ಲಕ್ಷ್ಯ ಕೊಟ್ಟು ಅದುವರೆಗೆ ಯಾರೂ ಓದಿರಲಿಲ್ಲ, ಆಮೇಲೂ ಓದಿಲ್ಲ. ಓದಿದವರು ಅದನ್ನು ಏಳು ವರ್ಷ ಸೀರೆಯ ಜಾಗದಲ್ಲಿ ಮುಚ್ಚಿಟ್ಟಿದ್ದರು. ಹೊಗಳಬೇಕೋ ಬೈಯಬೇಕೋ ತಿಳಿಯದೆ ಆರಿದ ಚಹಾ ಕುಡಿದು, ಆ ನಾಲ್ಕು ಪುಟ ಚೀಲಕ್ಕೆ ತುರುಕಿ ಹೊರಟೆ.

ಮೆಟ್ರೊದಲ್ಲಿ ಸೀಟು ಸಿಕ್ಕಿತು. ಪುಟಗಳನ್ನು ತೆಗೆದು ಮತ್ತೆ ಓದಿದೆ. ಕಾಕಾ ಕೊನೆಯ ಎರಡು ಸಾಲು ಓದಿ ಹೇಳಿರಲಿಲ್ಲ. ಪೆನ್ಸಿಲ್ಲು ಮಾಸಿತ್ತು, ಆದರೂ ತಿಳಿಯುತ್ತಿತ್ತು. "ಬೇಗ ಹೋಗಬೇಕು. ಕಟ್ಟಡ ಮುಗಿದರೆ ಇವರು ಸಿಗುವುದಿಲ್ಲ."

ಎರಡು ವಾರ ನಾಂಪಲ್ಲಿಯ ಕಡೆ ತಲೆ ಹಾಕಲಿಲ್ಲ. ಮೂರನೇ ಭಾನುವಾರ ಕಾಕು ಫೋನ್ ಮಾಡಿ, "ಉಪ್ಪಿಟ್ಟು ಮಾಡೀನಿ, ಆ ಮನಷ್ಯಾ ಮುಟ್ಟವಲ್ರು" ಅಂದರು. ಹೋದೆ. ಇಬ್ಬರೂ ಹಳೆಯದನ್ನು ಎತ್ತಲಿಲ್ಲ, ಕೆಲಸ ಎತ್ತಿಕೊಂಡೆವು. ಕಟ್ಟುಗಳಲ್ಲಿ ಒಟ್ಟು ಮೂವತ್ತೊಂದು ಲೇಖನಗಳಿದ್ದವು. ಹಳೆಯ ರಿಜಿಸ್ಟರ್ ನೋಡಿ ಯಾವುದು ಯಾರದೆಂದು ಹಚ್ಚಿ, ಒಬ್ಬೊಬ್ಬರಿಗೂ ಪತ್ರ ಬರೆದೆವು. ನಿಮ್ಮ ಲೇಖನವನ್ನು ಪ್ರಕಟಿಸಲಾಗುತ್ತಿಲ್ಲ, ಕಾರಣಗಳು ಇವು, ಇಷ್ಟು ತಡವಾಗಿ ತಿಳಿಸಿದ್ದು ನಮ್ಮ ತಪ್ಪು. ಪ್ರತಿ ಪತ್ರಕ್ಕೂ ಕಾಕಾ, "ಸ್ವಲ್ಪ ಮೆತ್ತಗ ಬರಿಯವಾ" ಅನ್ನುವರು, ನಾನು ಮೆತ್ತಗೆ ಮಾಡುವೆ, ಅದರಲ್ಲಿ ಇಲ್ಲ ಎಂಬುದು ಎಲ್ಲಿ ಹೋಯಿತೆಂದು ಹುಡುಕಿ ಮತ್ತೆ ಹಾಕುವೆ. ಒಂದು ಪತ್ರ ನನ್ನ ಹೆಸರಿಗೂ ಬರೆದೆ. ಅದಕ್ಕೆ ಕಾಕಾ ಮೆತ್ತಗೆ ಬರೆ ಅನ್ನಲಿಲ್ಲ, ಪೆನ್ನು ಇಸಿದುಕೊಂಡು ಸಹಿ ಹಾಕಿದರು.

ಉತ್ತರಗಳು ಬರತೊಡಗಿದವು. ಬೀದರಿನ ಮೇಷ್ಟ್ರು, ಕೊನೆಗೂ ತಿಳಿಸಿದಿರಲ್ಲ, ಈಗ ಧೈರ್ಯವಾಗಿ ಬೇರೆ ಕಡೆ ಕಳಿಸುತ್ತೇನೆ ಎಂದು ಬರೆದರು. ಇನ್ನೊಬ್ಬರು ಎಂದೋ ಬೇರೆಡೆ ಪ್ರಕಟಿಸಿಯಾಗಿತ್ತಂತೆ, ನಮ್ಮ ಮನಸ್ಸಿಗೆ ನೋವಾದೀತೆಂದು ಇಷ್ಟು ವರ್ಷ ಬಚ್ಚಿಟ್ಟಿದ್ದರಂತೆ! ಒಬ್ಬರು ಮಾತ್ರ ಫೋನ್ ಮಾಡಿ ಹಿಗ್ಗಾಮುಗ್ಗಾ ಬೈದರು. ಕಾಕಾ ಪೂರ್ತಿ ಕೇಳಿಸಿಕೊಂಡು, "ಖರೇ ಅದ ರೀ, ಖರೇ ಅದ" ಅನ್ನುತ್ತಿದ್ದರು. ಫೋನ್ ಇಟ್ಟ ಮೇಲೆ, "ಬೈಸಿಕೊಂಡ ಮ್ಯಾಲ ಹಗುರಾತು ನೋಡವಾ" ಎಂದು ಉಪ್ಪಿಟ್ಟು ಕೇಳಿ ಹಾಕಿಸಿಕೊಂಡರು.

ಇಂಡೆಕ್ಸಿನವರಿಗೆ ನಡೆದದ್ದನ್ನೆಲ್ಲ ನಡೆದ ಹಾಗೆ ಬರೆದೆ. ಪರಿಶೀಲಿಸುತ್ತಿದ್ದೆವು, ತಿಳಿಸುತ್ತಿರಲಿಲ್ಲ, ಈಗ ತಿಳಿಸಿದ್ದೇವೆ, ಇನ್ನು ಮುಂದೆ ಎರಡು ತಿಂಗಳೊಳಗೆ ತಿಳಿಸುತ್ತೇವೆ. ಜೊತೆಗೆ, ಲೇಖಕರ ಒಪ್ಪಿಗೆ ಪಡೆದು, ಕಿಟಕಿ ಕತ್ತರಿಸಿದ ಎರಡು ಪುಟಗಳ ಫೋಟೊ. ಜೂನಿನಲ್ಲಿ ಒಪ್ಪಿಗೆ ಬಂತು. ಕಾಕಾ ಗಲ್ಲಿಯ ಎಲ್ಲ ಮನೆಗೂ ಪೇಢೆ ಹಂಚಿದರು. ಇಂಡೆಕ್ಸ್ ಅಂದರೇನೆಂದು ಕೇಳಿದ ಪಕ್ಕದ ಮನೆಯವರಿಗೆ ತೆಲುಗಿನಲ್ಲಿ ಅರ್ಧ ಗಂಟೆ ವಿವರಿಸಿದರಂತೆ, ಅವರು ಈ ಮನೆಯ ಯಾರಿಗೋ ನೌಕರಿ ಸಿಕ್ಕಿದೆ ಎಂದು ತಿಳಿದು ಹರಸಿ ಹೋದರಂತೆ. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಲೈಬ್ರರಿಯನ್ ಹುದ್ದೆ ಆ ವರ್ಷ ಬೇರೆಯವರಿಗೆ ಹೋಯಿತು.

ಪೇಢೆ ತಿಂದ ಮರುವಾರ ನಾನು ಮಾದಾಪುರಕ್ಕೆ ಹೋದೆ. ನಾನು ಇಟ್ಟಿಗೆ ರಾಶಿಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದ ಜಾಗದಲ್ಲಿ ಗಾಜಿನ ಕಟ್ಟಡವಿತ್ತು. ಗೇಟಿನ ಕಾವಲುಗಾರ ಗುರುತಿನ ಚೀಟಿ ಕೇಳಿದ. ಮೇಸ್ತ್ರಿಯ ಹಳೆಯ ನಂಬರಿಗೆ ಫೋನ್ ಹಚ್ಚಿದರೆ ಯಾರೋ ಹುಡುಗಿ ಎತ್ತಿ, ರಾಂಗ್ ನಂಬರ್ ಅಂದಳು. ಎದುರಿನ ಚಹಾದಂಗಡಿಯಲ್ಲಿ ಕೂತು ಆಗಿನ ನೋಟ್‌ಬುಕ್ ತೆಗೆದು ಪುಟ ಪುಟ ನೋಡಿದೆ. ಹೆಂಗಸರ ಬಗ್ಗೆ ಇದ್ದದ್ದು ಒಂದೇ ಸಾಲು. "ಹೆಂಗಸರು ಮರಳು ಹೊರುತ್ತಾ ಏನೋ ಅಂದುಕೊಂಡು ಬಿದ್ದು ಬಿದ್ದು ನಗುತ್ತಿದ್ದಾರೆ." ಏನು ಅಂದುಕೊಂಡರು, ಯಾಕೆ ನಕ್ಕರು, ಬರೆದಿಲ್ಲ. ಕೇಳಿಯೇ ಇರಲಿಲ್ಲ. ಬೇರೆ ಕಟ್ಟಡಗಳು ಏಳುತ್ತಲೇ ಇವೆ, ಬೇರೆ ಹೆಂಗಸರು ಬಂದೇ ಬರುತ್ತಾರೆ, ಅವರನ್ನು ಕೇಳಬಹುದು, ಕೇಳುತ್ತೇನೆ. ಇವರ ಮಾತು ಮಾತ್ರ ಹೋಯಿತು.

ಮೆಟ್ರೊ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಕಾಕಾನ ಫೋನ್ ಬಂತು. ನಾನು ಎಲ್ಲಿಗೆ ಹೋಗಿದ್ದೇನೆಂದು ಕಾಕು ಹೇಳಿರಬೇಕು.

"ಸಿಕ್ಕರೇನವಾ?" ಅಂದರು, ಬಹಳ ಆಸೆಯಿಂದ.

ಹುಡುಕುತ್ತಾ ಇದ್ದೇನೆ ಎನ್ನಬಹುದಿತ್ತು. ಬಾಯಿಯ ತನಕ ಬಂದಿತ್ತು. ಎಂಬತ್ತರ ಹತ್ತಿರದ ಮನುಷ್ಯ, ಪೇಢೆ ಹಂಚಿ ಇನ್ನೂ ಒಂದು ವಾರವಷ್ಟೇ.

"ಇಲ್ಲ ಕಾಕಾ, ಯಾರೂ ಸಿಗಲಿಲ್ಲ" ಅಂದೆ.

ಇಳಿದು ಬರುವವರಿಗೆ ದಾರಿ ಬಿಟ್ಟು ಮೆಟ್ಟಿಲ ಬದಿಗೆ ನಿಂತೆ.

"ನಾ ಅವತ್ತ ಹೇಳಿದ್ರ ಸಿಗತಿದ್ದರೇನು?"

"ಸಿಗತಿದ್ದರು ಕಾಕಾ" ಅಂದೆ.